ಮಡಿಕೇರಿಯಲ್ಲಿ ನೀರು ಎಷ್ಟು ಡಿಗ್ರಿಗೆ ಕುದಿಯುತ್ತದೆ? ಪ್ರಾಥಮಿಕ ಶಾಲೆಯಲ್ಲಿ ವಿಜ್ಞಾನ ಕಲಿಸುವವರಿಗೆ

ನಾನು ಶಿಕ್ಷಕಿಯಾಗಿ ಸೇರಿದ ಮೊದಲ ವರ್ಷ. ಮಡಿಕೇರಿಗೆ ಹತ್ತಿರದ ಗುಡ್ಡದ ಮೇಲಿನ ಶಾಲೆ. ಏಳನೆಯ ತರಗತಿಯ ಮಕ್ಕಳ ಮುಂದೆ ನೀರು ಕಾಯಿಸುತ್ತಿದ್ದೆ. ನೀರು ಕೊತಕೊತ ಕುದಿಯತೊಡಗಿತು. ಥರ್ಮಾಮೀಟರಿನ ಕೆಂಪು ಗೆರೆ 96ಕ್ಕೆ ಬಂದು ನಿಂತುಬಿಟ್ಟಿತು. ಉರಿ ಹೆಚ್ಚಿಸಿದರೂ ಮೇಲೇರಲಿಲ್ಲ. ಮುಂದಿನ ಬೆಂಚಿನ ಹುಡುಗಿ ಬಗ್ಗಿ ನೋಡಿ, "ಟೀಚರ್, ತೊಂಬತ್ತಾರು" ಎಂದಳು. ನಾನು, "ಥರ್ಮಾಮೀಟರ್ ಕೆಟ್ಟಿದೆ, ನೂರು ಎಂದು ಬರೆದುಕೊಳ್ಳಿ" ಎಂದೆ. ಇಡೀ ತರಗತಿ ನೂರು ಎಂದು ಬರೆದುಕೊಂಡಿತು.

ಥರ್ಮಾಮೀಟರ್ ಕೆಟ್ಟಿರಲಿಲ್ಲ. ಮಡಿಕೇರಿ ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದಲ್ಲಿದೆ. ಎತ್ತರಕ್ಕೆ ಹೋದಂತೆ ಗಾಳಿಯ ಒತ್ತಡ ತಗ್ಗುತ್ತದೆ, ನೀರು ಬೇಗ ಕುದಿಗೆ ಬರುತ್ತದೆ; ಸುಮಾರು 300 ಮೀಟರಿಗೆ ಒಂದು ಡಿಗ್ರಿಯ ಲೆಕ್ಕ. ಪುಸ್ತಕದ ನೂರು ಸಮುದ್ರಮಟ್ಟಕ್ಕೆ ಸಲ್ಲುವ ಅಂಕಿ. ಆ ಹುಡುಗಿ ಸರಿಯಾಗಿ ನೋಡಿದ್ದಳು, ಸರಿಯಾಗಿ ಓದಿದ್ದಳು. ಕಣ್ಣಾರೆ ಕಂಡದ್ದನ್ನು ಒರೆಸಿ ಪುಸ್ತಕದಲ್ಲಿರುವುದನ್ನು ಬರೆಯಬೇಕೆಂದು ಅವಳಿಗೆ ಕಲಿಸಿದವಳು ನಾನು. ಅದು ತಿಳಿಯಲು ನನಗೆ ವರ್ಷಗಳೇ ಬೇಕಾದವು. ತಿಳಿದಾಗ ಆ ಮಕ್ಕಳು ಶಾಲೆ ಬಿಟ್ಟು ಹೋಗಿದ್ದರು.

ಒಂದರಿಂದ ಏಳನೆಯ ತರಗತಿಯವರೆಗೆ ಪರಿಸರ ಅಧ್ಯಯನ, ವಿಜ್ಞಾನ ಕಲಿಸುವ ಶಿಕ್ಷಕರಿಗಾಗಿ, ಮನೆಯಲ್ಲಿ ಮಕ್ಕಳೊಡನೆ ಕುಳಿತುಕೊಳ್ಳುವ ಪೋಷಕರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಇಲ್ಲಿರುವ ಯಾವುದಕ್ಕೂ ಪ್ರಯೋಗಾಲಯ ಬೇಡ. ಬೇಕಾಗಿರುವುದು ಒಂದು ನಿಯಮ: ಮಗು ತಾನು ನಿಂತ ನೆಲದಲ್ಲಿ ಕಂಡದ್ದನ್ನು, ಅಳೆದದ್ದನ್ನು, ಹಾಗೆಯೇ ಬರೆಯಲಿ.

ಮೊದಲು ಊಹೆ ಪುಸ್ತಕ

ಪ್ರತಿ ಮಗುವಿಗೂ ತೆಳ್ಳಗಿನದೊಂದು ನೋಟ್ ಪುಸ್ತಕ ಕೊಡಿ, ಅದಕ್ಕೆ ಊಹೆ ಪುಸ್ತಕ ಎಂದು ಹೆಸರಿಡಿ. ಯಾವ ಪ್ರಯೋಗಕ್ಕೂ ಮುನ್ನ ಮಕ್ಕಳು ಎರಡು ಸಾಲು ಬರೆಯಬೇಕು: ಏನಾಗುತ್ತದೆ ಎಂದು ನನಗನ್ನಿಸುತ್ತದೆ, ಯಾಕೆ ಹಾಗನ್ನಿಸುತ್ತದೆ. ಪೆನ್ನಿನಲ್ಲಿ ಬರೆಯಬೇಕು, ಒರೆಸುವಂತಿಲ್ಲ. ಪ್ರಯೋಗ ಮುಗಿದ ಮೇಲೆ ಅದರ ಕೆಳಗೆ ಕಂಡದ್ದನ್ನು ಬರೆಯಬೇಕು. ಒಂದು, ಎರಡನೆಯ ತರಗತಿಯವರು ಚಿತ್ರ ಬರೆದರೆ ಸಾಕು. ನಲಿಕಲಿ ಕೊಠಡಿಯಲ್ಲಿ ಮೂರು ತರಗತಿಯವರು ಒಟ್ಟಿಗಿರುವುದರಿಂದ, ದೊಡ್ಡವರು ಚಿಕ್ಕವರ ಮಾತನ್ನು ಕೇಳಿ ಬರೆದುಕೊಡಬಹುದು.

ಈ ಪುಸ್ತಕದ ಮೇಲೆ ಕೆಂಪು ಶಾಯಿ ಬೀಳಬಾರದು. ತಪ್ಪಿದ ಊಹೆಗೆ ನೀವು ಅಡ್ಡಗೆರೆ ಎಳೆದ ದಿನದಿಂದ ಮಕ್ಕಳು ಪಕ್ಕದವರ ಊಹೆಯನ್ನು ನೋಡಿ ಬರೆಯಲು ಶುರುಮಾಡುತ್ತಾರೆ. ಅದರ ಬದಲು ನಿಮ್ಮ ಊಹೆಯನ್ನೂ ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಡಿ. ಟೀಚರ್ ಊಹೆಯೂ ತಪ್ಪಬಹುದು ಎಂದು ಒಮ್ಮೆ ಕಂಡ ಮಕ್ಕಳಿಗೆ ಬಾಯಿ ತೆರೆಯುವ ಧೈರ್ಯ ಬರುತ್ತದೆ.

ಊಹೆ ಬರೆಯದೆ ನೋಡಿದ ಪ್ರಯೋಗ ಮಕ್ಕಳಿಗೆ ಜಾದೂ ಪ್ರದರ್ಶನದಂತೆ ಕಳೆದುಹೋಗುತ್ತದೆ. ಚಪ್ಪಾಳೆ ತಟ್ಟುತ್ತಾರೆ, ಮರೆಯುತ್ತಾರೆ. ವಸ್ತು ಪ್ರದರ್ಶನಕ್ಕೆಂದು ಅಪ್ಪ ಅಮ್ಮ ರಾತ್ರಿಯೆಲ್ಲ ಕುಳಿತು ಕತ್ತರಿಸುವ ಥರ್ಮಕೋಲ್ ಜ್ವಾಲಾಮುಖಿಯ ಬಗ್ಗೆ ನನಗಿರುವ ತಕರಾರೂ ಅದೇ. ಅದರಲ್ಲಿ ಮಗು ಊಹಿಸಿದ್ದು ಏನೂ ಇಲ್ಲ.

ಭಾಷೆಯ ವಿಷಯದಲ್ಲಿ ಕೈ ಸಡಿಲ ಬಿಡಿ. ನಮ್ಮ ಒಂದೇ ತರಗತಿಯಲ್ಲಿ ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ತಮಿಳು, ಯರವ, ಜೇನುಕುರುಬ ನುಡಿಗಳನ್ನಾಡುವ ಮಕ್ಕಳಿರುತ್ತಾರೆ; ತೋಟದ ಲೈನ್ ಮನೆಗಳಿಂದ ಅಸ್ಸಾಮಿನ ಕಾರ್ಮಿಕರ ಮಕ್ಕಳೂ ಬರುತ್ತಿದ್ದಾರೆ. ಊಹೆಯನ್ನು ಯಾವ ಮಾತಿನಲ್ಲಾದರೂ ಹೇಳಲಿ. ಗೋಡೆಗೆ ಒಂದು ದೊಡ್ಡ ಹಾಳೆ ಅಂಟಿಸಿ, ಕಪ್ಪೆ, ಜಿಗಣೆ, ಜೇನು, ಮಂಜು ಇವುಗಳಿಗೆ ಪ್ರತಿಯೊಬ್ಬರ ಮನೆಮಾತಿನ ಹೆಸರನ್ನು ಅವರಿಂದಲೇ ಕೇಳಿ ಕನ್ನಡ ಅಕ್ಷರದಲ್ಲಿ ಬರೆಯಿಸಿ. ಬಾಷ್ಪೀಕರಣ, ಪರಾಗಸ್ಪರ್ಶ ಎಂಬ ಪಠ್ಯದ ಪದಗಳು ವಸ್ತುವನ್ನು ನೋಡಿ, ಮುಟ್ಟಿ, ಮಾತನಾಡಿ ಆದ ಮೇಲೆ ಬರಲಿ. ಮೊದಲೇ ಬಂದರೆ ಮಗು ಪದವನ್ನು ಬಾಯಿಪಾಠ ಮಾಡಿ ಸುಮ್ಮನಾಗುತ್ತದೆ.

ಜೂನ್: ಮಳೆ ಅಳೆಯಿರಿ

ಶಾಲೆ ತೆರೆಯುವ ಹೊತ್ತಿಗೇ ನಮ್ಮಲ್ಲಿ ಮಳೆ ಹಿಡಿಯುತ್ತದೆ. ಇದಕ್ಕಿಂತ ದೊಡ್ಡ ವಿಜ್ಞಾನ ಉಪಕರಣ ಬೇರೆ ಜಿಲ್ಲೆಯವರಿಗೆ ಸಿಗುವುದಿಲ್ಲ. ಮೂರು ತಿಂಗಳು ಪುಕ್ಕಟೆಯಾಗಿ ಸುರಿಯುತ್ತದೆ.

ಎರಡು ಲೀಟರಿನ ತಂಪು ಪಾನೀಯದ ಬಾಟಲಿ ತನ್ನಿ. ಮೇಲಿನ ಇಳಿಜಾರು ಭಾಗ ಮುಗಿದು ಮೈ ನೇರವಾಗುವ ಜಾಗದಲ್ಲಿ ಕತ್ತರಿಸಿ. ಕತ್ತರಿಸುವ ಕೆಲಸ ನಿಮ್ಮದು, ಮಕ್ಕಳದಲ್ಲ. ಕತ್ತರಿಸಿದ ಮೇಲ್ಭಾಗವನ್ನು ಬೋರಲು ಹಾಕಿ ಆಲಿಕೆಯಂತೆ ಬಾಟಲಿಯೊಳಗೆ ಕೂರಿಸಿ. ಇಂತಹ ಬಾಟಲಿಗಳ ತಳ ಉಬ್ಬುತಗ್ಗಾಗಿರುತ್ತದೆ. ಆದ್ದರಿಂದ ಒಂದು ಹಿಡಿ ಜಲ್ಲಿಕಲ್ಲು ಹಾಕಿ, ಮೈ ನೇರವಾಗುವವರೆಗೆ ನೀರು ತುಂಬಿ, ಆ ಮಟ್ಟಕ್ಕೆ ಸೊನ್ನೆ ಎಂದು ಗೆರೆ ಎಳೆಯಿರಿ. ಅಲ್ಲಿಂದ ಮೇಲಕ್ಕೆ ಸ್ಕೇಲಿನ ಅಳತೆಯ ಪಟ್ಟಿ ಅಂಟಿಸಿ, ಅದರ ಮೇಲೆ ಪಾರದರ್ಶಕ ಟೇಪು ಸುತ್ತಿ. ಸೊನ್ನೆಯ ಮೇಲೆ ಹದಿನೈದು ಸೆಂಟಿಮೀಟರಾದರೂ ಜಾಗವಿರಲಿ, ನಮ್ಮ ಮಳೆಗೆ ಗಿಡ್ಡ ಬಾಟಲಿ ಸಾಲದು.

ಮಾಡಿನ ನೀರು, ಮರದ ಹನಿ ಬೀಳದ ಬಯಲಿನಲ್ಲಿ, ನಾಲ್ಕು ಇಟ್ಟಿಗೆಗಳ ನಡುವೆ ಅದನ್ನು ನಿಲ್ಲಿಸಿ. ದಿನವೂ ಒಂದೇ ಹೊತ್ತಿಗೆ, ಬೆಳಗಿನ ಪ್ರಾರ್ಥನೆಗೆ ಮುಂಚೆ, ಇಬ್ಬರು ಮಕ್ಕಳು ಕೊಡೆ ಹಿಡಿದು ಹೋಗಿ ಓದಿಕೊಂಡು ಬರಲಿ. ಕಣ್ಣು ನೀರಿನ ಮಟ್ಟಕ್ಕೆ ಸಮನಾಗಿರಬೇಕು, ನಿಂತು ಮೇಲಿನಿಂದ ನೋಡಿದರೆ ಅಳತೆ ತಪ್ಪುತ್ತದೆ. ಓದಿದ ಮೇಲೆ ಸೊನ್ನೆಯ ಗೆರೆಯವರೆಗೆ ಚೆಲ್ಲಬೇಕು. ಅಂಕಿಯನ್ನು ಬಾಗಿಲ ಪಕ್ಕದ ಹಲಗೆಯ ಮೇಲೆ ಬರೆಯಬೇಕು.

ಎರಡನೆಯ ವಾರ ಒಂದು ಪ್ರಶ್ನೆ ಎತ್ತಿ: "ಬಾಟಲಿಯ ಬದಲು ದೊಡ್ಡ ಪಾತ್ರೆ ಇಟ್ಟಿದ್ದರೆ ಮಳೆ ಹೆಚ್ಚು ಸೆಂಟಿಮೀಟರ್ ಬರುತ್ತಿತ್ತೇ?" ನನ್ನ ಅನುಭವದಲ್ಲಿ ಹೆಚ್ಚಿನ ಮಕ್ಕಳು ಹೌದೆನ್ನುತ್ತಾರೆ, ಕೆಲವು ಶಿಕ್ಷಕರೂ. ಊಹೆ ಬರೆಯಿಸಿ. ಬಾಯಿಯೂ ತಳವೂ ಒಂದೇ ಅಗಲವಿರುವ ಒಂದು ಸಣ್ಣ ಡಬ್ಬಿ, ಒಂದು ದೊಡ್ಡ ಡಬರಿ, ಎರಡನ್ನೂ ಅಕ್ಕಪಕ್ಕ ಮಳೆಗೆ ಇಡಿ. ಒಂದು ಗಂಟೆ ಬಿಟ್ಟು ಸ್ಕೇಲು ಇಳಿಸಿ ನೋಡಿದರೆ ನೀರಿನ ಆಳ ಎರಡರಲ್ಲೂ ಒಂದೇ. ದೊಡ್ಡದು ಹೆಚ್ಚು ನೀರು ಹಿಡಿದಿದೆ, ಆದರೆ ಅದು ಹೆಚ್ಚು ಅಗಲಕ್ಕೆ ಹರಡಿದೆ. ಬಾಯಿ ಅಗಲವಾಗಿ ತಳ ಕಿರಿದಾಗಿರುವ ಬಕೆಟ್ ಮಾತ್ರ ಇಡಬೇಡಿ, ಅದರಲ್ಲಿ ಆಳ ಹೆಚ್ಚಾಗಿ ಕಾಣುತ್ತದೆ. ಅದು ಯಾಕೆ ಎನ್ನುವುದನ್ನು ಆರು, ಏಳನೆಯವರಿಗೆ ಮನೆಗೆಲಸವಾಗಿ ಬಿಡಬಹುದು.

ಇಲ್ಲಿಂದ ಮುಂದಕ್ಕೆ ಊರೇ ಪಾಠ ಹೇಳುತ್ತದೆ. ನಮ್ಮ ಕಾಫಿ ಬೆಳೆಗಾರರ ಮನೆಗಳಲ್ಲಿ ಮಳೆಯನ್ನು ಇಂಚು, ಸೆಂಟುಗಳಲ್ಲಿ ಅಳೆದು ಡೈರಿಯಲ್ಲಿ ಬರೆದಿಡುವ ರೂಢಿ ತಲೆಮಾರುಗಳಿಂದ ಇದೆ. ಮಕ್ಕಳನ್ನು ಒಂದು ಮನೆಗೆ ಕರೆದೊಯ್ದು ಆ ಡೈರಿ ತೋರಿಸಿ. ಒಂದು ಇಂಚು ಎಂದರೆ ನೂರು ಸೆಂಟು, 25.4 ಮಿಲಿಮೀಟರ್, ಒಂದು ಸೆಂಟು ಎಂದರೆ ಸುಮಾರು ಕಾಲು ಮಿಲಿಮೀಟರ್. ದಶಮಾಂಶದ ಲೆಕ್ಕಕ್ಕೆ ಇದಕ್ಕಿಂತ ಜೀವಂತ ಉದಾಹರಣೆ ನನಗೆ ಸಿಕ್ಕಿಲ್ಲ. ಜಿಲ್ಲಾಡಳಿತ ಮಳೆ ರಜೆ ಕೊಟ್ಟ ದಿನಗಳಲ್ಲೇ ಮಳೆ ಅತಿ ಹೆಚ್ಚು, ಆಗ ನಿಮ್ಮ ಬಾಟಲಿಯ ಬಳಿ ಯಾರೂ ಇರುವುದಿಲ್ಲ. ಆ ಖಾಲಿ ದಿನಗಳನ್ನು ಡೈರಿಯಿಂದ ತುಂಬಿಸಿಕೊಳ್ಳಿ, ಆದರೆ ಬೇರೆ ಬಣ್ಣದ ಶಾಯಿಯಲ್ಲಿ. ತಾನು ಅಳೆದದ್ದು ಯಾವುದು, ಬೇರೆಯವರಿಂದ ಪಡೆದದ್ದು ಯಾವುದು ಎಂಬುದು ಹಲಗೆಯ ಮೇಲೆ ಕಾಣಬೇಕು.

ಸಾಧ್ಯವಾದರೆ ಇನ್ನೊಂದು ಶಾಲೆಯ ಜೊತೆ ಸೇರಿಕೊಳ್ಳಿ. ಪಡುವಣದ ಭಾಗಮಂಡಲದ ಕಡೆಯ ಒಂದು ಶಾಲೆ, ಮೂಡಣದ ಕುಶಾಲನಗರದ ಕಡೆಯ ಒಂದು ಶಾಲೆ, ವಾಟ್ಸ್‌ಆಪಿನಲ್ಲಿ ದಿನವೂ ಅಂಕಿ ಬದಲಾಯಿಸಿಕೊಂಡರೆ ಜುಲೈ ಮುಗಿಯುವಷ್ಟರಲ್ಲಿ ಮಕ್ಕಳೇ ಕೇಳುತ್ತಾರೆ: "ಒಂದೇ ಜಿಲ್ಲೆ, ಅವರಿಗೆ ಯಾಕೆ ಇಷ್ಟು ಹೆಚ್ಚು?" ಪಶ್ಚಿಮಘಟ್ಟಕ್ಕೆ ಬಡಿದ ಮೋಡ ಮೇಲೇರಿ, ತಣಿದು, ಅಲ್ಲಿಯೇ ಹೆಚ್ಚಿನ ನೀರನ್ನು ಸುರಿಸಿಬಿಡುತ್ತದೆ, ಪೂರ್ವಕ್ಕೆ ಇಳಿಯುವಷ್ಟರಲ್ಲಿ ಬರಿದಾಗುತ್ತದೆ ಎಂಬುದನ್ನು ಆಗ ಹೇಳಿ. ಮೂಡಣ ಪಡುವಣ ತೋರಿಸುವ ಜಿಲ್ಲೆಯ ನಕ್ಷೆ ಪಕ್ಕದಲ್ಲಿರಲಿ.

ಮಳೆಯ ಮಾತು ಬಂದಾಗ ಭೂಕುಸಿತದ ಮಾತೂ ಬರುತ್ತದೆ. 2018ರ ಆಗಸ್ಟ್ ತಿಂಗಳು ನಮ್ಮ ಮನೆಗಳ ಮಾತಿನಲ್ಲಿ ಇನ್ನೂ ಇದೆ. ಆಗ ಹುಟ್ಟದಿದ್ದ ಮಕ್ಕಳೂ ಅದನ್ನು ಕೇಳಿಯೇ ಬೆಳೆದಿದ್ದಾರೆ. ತರಗತಿಯಲ್ಲಿ ಮನೆ ಕಳೆದುಕೊಂಡ ಕುಟುಂಬದ ಮಗು ಇದೆಯೇ ಎಂದು ಮೊದಲು ತಿಳಿದುಕೊಳ್ಳಿ, ಇದ್ದರೆ ಪೋಷಕರ ಜೊತೆ ಮಾತನಾಡದೆ ಈ ಪಾಠ ಎತ್ತಬೇಡಿ. ಪ್ರಯೋಗ ಸರಳ: ಐದು ಲೀಟರಿನ ಎರಡು ಎಣ್ಣೆ ಕ್ಯಾನುಗಳನ್ನು ಉದ್ದಕ್ಕೆ ಸೀಳಿ ತೊಟ್ಟಿ ಮಾಡಿ. ಒಂದರಲ್ಲಿ ಬರೀ ಮಣ್ಣು, ಇನ್ನೊಂದರಲ್ಲಿ ಬೇರು, ಮಣ್ಣುಸಹಿತ ಹುಲ್ಲಿನ ಹೆಂಟೆ. ಎರಡನ್ನೂ ಒಂದೇ ಓರೆಯಲ್ಲಿ ಇಟ್ಟು, ಮುಚ್ಚಳಕ್ಕೆ ತೂತು ಮಾಡಿದ ಬಾಟಲಿಯಿಂದ ಒಂದೇ ಪ್ರಮಾಣದ ನೀರು ಸುರಿಸಿ, ಕೆಳಗೆ ಇಳಿದ ನೀರನ್ನು ಎರಡು ಲೋಟಗಳಲ್ಲಿ ಹಿಡಿಯಿರಿ. ಬಣ್ಣದ ವ್ಯತ್ಯಾಸವನ್ನು ಯಾರೂ ವಿವರಿಸಬೇಕಾಗಿಲ್ಲ. ಆದರೆ ಇದು ತೋರಿಸುವುದು ಮೇಲ್ಮಣ್ಣು ಕೊಚ್ಚಿಹೋಗುವುದನ್ನು. ಗುಡ್ಡವೇ ಜಾರುವುದು ಬೇರೆ: ಆಳದ ಮಣ್ಣು ನೀರು ಕುಡಿದು ಭಾರವಾಗಿ ಹಿಡಿತ ಕಳೆದುಕೊಂಡಾಗ, ಇಳಿಜಾರಿನ ಬುಡವನ್ನು ರಸ್ತೆಗೋ ಮನೆಗೋ ಕಡಿದಿದ್ದಾಗ ಅದು ಸುಲಭವಾಗುತ್ತದೆ. ಎರಡನ್ನೂ ಒಂದೇ ಎಂದು ಹೇಳಿಬಿಡಬೇಡಿ.

ಅಡುಗೆಮನೆಯಿಂದ

ಬಿಳಿ ಕಾಗದದ ಪಟ್ಟಿಗಳಿಗೆ ಅರಿಶಿನದ ನೀರು ಹಚ್ಚಿ ಒಣಗಿಸಿ. ಸಾಬೂನು ನೀರು ತಾಗಿದರೆ ಪಟ್ಟಿ ಕೆಂಪಗಾಗುತ್ತದೆ. ಅದೇ ಜಾಗಕ್ಕೆ ಕಾಚಂಪುಳಿಯ (ಕೊಡಗಿನ ಅಡುಗೆಯ ಕಪ್ಪು ಹುಳಿರಸ) ಒಂದು ಹನಿಯನ್ನು ಒಂದು ಚಮಚ ನೀರಿನಲ್ಲಿ ಕದಡಿ ಹಾಕಿದರೆ ಮತ್ತೆ ಹಳದಿ. ಕಾಚಂಪುಳಿ ತೀರಾ ಕಪ್ಪಗಿರುವುದರಿಂದ ತೆಳುಮಾಡದೆ ಹಾಕಿದರೆ ಬಣ್ಣವೇ ಕಾಣುವುದಿಲ್ಲ. ಸುಣ್ಣವನ್ನು ಮಕ್ಕಳ ಕೈಗೆ ಕೊಡಬೇಡಿ, ಕಣ್ಣಿಗೆ ಬಿದ್ದರೆ ಅಪಾಯ. ಕೆಂಪು ದಾಸವಾಳದ ದಳಗಳನ್ನು ಬಿಸಿನೀರಿನಲ್ಲಿ ನೆನೆಸಿದ ರಸ ಹುಳಿಗೆ ಗುಲಾಬಿ ಕೆಂಪಾಗುತ್ತದೆ, ಸಾಬೂನಿಗೆ ಹಸಿರಾಗುತ್ತದೆ. ಕೊಡವರ ಕಕ್ಕಡ ತಿಂಗಳ ಹದಿನೆಂಟರಂದು ಮನೆಮನೆಯಲ್ಲಿ ಮದ್ದು ಸೊಪ್ಪು ಕುದಿಸಿ ನೇರಳೆ ಬಣ್ಣದ ರಸ ತೆಗೆಯುತ್ತಾರಲ್ಲ, ಅದರಲ್ಲಿ ಅರ್ಧ ಲೋಟ ಶಾಲೆಗೆ ತರಿಸಿ ಇದೇ ಪರೀಕ್ಷೆ ಮಾಡಿ. ಫಲ ಏನೆಂದು ಇಲ್ಲಿ ಬರೆಯುವುದಿಲ್ಲ, ನೀವೂ ಊಹೆ ಬರೆದು ನೋಡಿ.

ಇನ್ನು ಆ ಕುದಿಯುವ ನೀರು. ಕೆಂಪು ದ್ರವದ, 110 ಡಿಗ್ರಿಯವರೆಗಿನ ಥರ್ಮಾಮೀಟರ್ ಕೊಳ್ಳಿ, ಪಾದರಸದ್ದು ಬೇಡ. ಜ್ವರ ನೋಡುವುದನ್ನು ಬಿಸಿನೀರಿಗೆ ಹಾಕಿದರೆ ಒಡೆಯುತ್ತದೆ. ಮೊದಲು ಯಾರದಾದರೂ ಮನೆಯ ಫ್ರಿಜ್ಜಿನ ಮಂಜುಗಡ್ಡೆ ತರಿಸಿ ಪುಡಿಮಾಡಿ, ಕರಗುತ್ತಿರುವ ಮಂಜಿನಲ್ಲಿ ಥರ್ಮಾಮೀಟರ್ ಸೊನ್ನೆ ತೋರಿಸುತ್ತದೆಯೇ ಎಂದು ಮಕ್ಕಳೇ ಪರೀಕ್ಷಿಸಲಿ. ಉಪಕರಣವನ್ನು ಅನುಮಾನಿಸುವ ಸರಿಯಾದ ದಾರಿ ಅದು. ನಾನು ಆ ದಿನ ಮಾಡಿದ್ದಲ್ಲ. ಬಳಿಕ ನೀರು ಕುದಿಸಿ, ಕಂಡ ಅಂಕಿ ಬರೆಯಿಸಿ, ಆಮೇಲೆ ಪುಸ್ತಕ ತೆರೆಯಿರಿ. ಮನೆಯಲ್ಲಿ ಬೇಳೆಗೆ ಕುಕ್ಕರ್ ಯಾಕೆ ಬೇಕು ಎಂಬ ಮಾತು ತಾನಾಗಿಯೇ ಬರುತ್ತದೆ.

ಡಿಸೆಂಬರ್: ಕೋಲು ಮತ್ತು ಆನೆ

ಪುತ್ತರಿ ಸುಗ್ಗಿಹಬ್ಬ ಕಳೆದು ಆಕಾಶ ತಿಳಿಯಾದ ಮೇಲೆ ಅಂಗಳದಲ್ಲಿ ಒಂದು ಮೀಟರ್ ಎತ್ತರದ ಕೋಲು ನೆಡಿ. "ನೆರಳು ಎಷ್ಟು ಗಂಟೆಗೆ ಅತಿ ಗಿಡ್ಡ?" ಎಂದು ಕೇಳಿದರೆ ಎಲ್ಲರೂ ಹನ್ನೆರಡು ಎನ್ನುತ್ತಾರೆ. ಹನ್ನೊಂದೂವರೆಯಿಂದ ಒಂದು ಗಂಟೆಯವರೆಗೆ ಐದೈದು ನಿಮಿಷಕ್ಕೊಮ್ಮೆ ನೆರಳಿನ ತುದಿಗೆ ಒಂದು ಕಲ್ಲು ಇಡಿಸಿ, ಪಕ್ಕದಲ್ಲಿ ಗಂಟೆ ಬರೆಯಿಸಿ. ಡಿಸೆಂಬರ್ ಕೊನೆಯ ವಾರದ ಹತ್ತಿರ ಅತಿ ಗಿಡ್ಡ ನೆರಳು 12.25ರಿಂದ 12.30ರ ನಡುವೆ ಸಿಗುತ್ತದೆ, ಉದ್ದ ಸುಮಾರು 70 ಸೆಂಟಿಮೀಟರ್. ನಮ್ಮ ಗಡಿಯಾರ ನಡೆಯುವುದು 82.5 ಡಿಗ್ರಿ ಪೂರ್ವ ರೇಖಾಂಶದ ಸಮಯಕ್ಕೆ. ಕೊಡಗು ಅದಕ್ಕಿಂತ ಸುಮಾರು ಏಳು ಡಿಗ್ರಿ ಪಶ್ಚಿಮದಲ್ಲಿದೆ. ಡಿಗ್ರಿಗೆ ನಾಲ್ಕು ನಿಮಿಷದಂತೆ ಸೂರ್ಯ ನಮ್ಮ ನೆತ್ತಿಯ ಗೆರೆಗೆ ತಡವಾಗಿ ಬರುತ್ತಾನೆ. ಮಕ್ಕಳು ಸೂರ್ಯನನ್ನು ನೇರವಾಗಿ ನೋಡದಂತೆ ಎಚ್ಚರವಿರಲಿ.

ಆನೆಯ ಪಾಠವನ್ನು ಶಾಲೆಯ ಗೋಡೆಯ ಮೇಲೆಯೇ ಮಾಡಬಹುದು. ಮಕ್ಕಳನ್ನು ಆನೆ ನಡೆದ ಜಾಗಕ್ಕೆ ಕರೆದೊಯ್ಯಬೇಡಿ, ಹಿಂಡು ದೂರ ಹೋಗಿದೆ ಎಂದು ಯಾರು ಹೇಳಿದರೂ ಬೇಡ. ಗದ್ದೆಗೆ ಆನೆ ಇಳಿದ ಸುದ್ದಿ ಇದ್ದರೆ, ಅರಣ್ಯ ಇಲಾಖೆಯವರು ಬಂದು ನೋಡಿ ಹೋದ ಮೇಲೆ, ಆ ಗದ್ದೆಯ ಮನೆಯವರು ಮುಂಗಾಲಿನ ಒಂದು ಹೆಜ್ಜೆಗುರುತಿನ ಸುತ್ತ ಹಗ್ಗ ಹಿಡಿದು ಅಳೆದು ಕಳುಹಿಸಲಿ. ಮುಂಗಾಲಿನ ಗುರುತು ದುಂಡಗೆ, ಹಿಂಗಾಲಿನದು ಸ್ವಲ್ಪ ಉದ್ದಕ್ಕೆ ಇರುತ್ತದೆ. ಆ ಸುತ್ತಳತೆಯ ಎರಡರಷ್ಟು, ಹೆಚ್ಚುಕಡಿಮೆ ಆನೆಯ ಭುಜದ ಎತ್ತರ. ಹಗ್ಗ 1.3 ಮೀಟರ್ ಇದ್ದರೆ ಆನೆ 2.6 ಮೀಟರ್. ಅಷ್ಟು ಎತ್ತರಕ್ಕೆ ಗೋಡೆಯ ಮೇಲೆ ಸೀಮೆಸುಣ್ಣದಿಂದ ಗೆರೆ ಎಳೆಯಿರಿ, ಬಾಗಿಲಿನ ಮೇಲಕ್ಕೆ ಹೋಗುತ್ತದೆ. ನಮ್ಮ ಮಕ್ಕಳಿಗೆ ಆನೆ ಎಂದರೆ ರಾತ್ರಿಯ ಸದ್ದು, ಮುರಿದ ಬಾಳೆ, ಶಾಲೆಗೆ ಬರುವ ದಾರಿಯ ಭಯ. ಆ ಗೆರೆಯ ಕೆಳಗೆ ನಿಂತು ಅಳೆದ ಮಗು ಅದರ ಬಗ್ಗೆ ಬೇರೆ ಬಗೆಯ ಪ್ರಶ್ನೆ ಕೇಳತೊಡಗುತ್ತದೆ. ದುಬಾರೆಯ ಆನೆ ಶಿಬಿರಕ್ಕೆ ಪ್ರವಾಸ ಹೋದಾಗ ಮಾವುತರನ್ನು ಕೇಳಿ ಈ ಲೆಕ್ಕ ಸರಿಯೇ ಎಂದು ತಾಳೆ ನೋಡಿ.

ಮಾರ್ಚ್: ಕಾಫಿ ಹೂವಿಗೆ ಕವರ್

ವರ್ಷದ ಕೊನೆಯ, ನನಗೆ ಬಹಳ ಪ್ರಿಯವಾದ ಪ್ರಯೋಗ ಇದು. ಕಾಫಿ ಮೊಗ್ಗನ್ನು ಅರಳಿಸುವ ಹೂಮಳೆ ಬಿದ್ದ ಎಂಟು ಹತ್ತು ದಿನಕ್ಕೆ ತೋಟವೆಲ್ಲ ಬೆಳ್ಳಗೆ ಅರಳುತ್ತದೆ. ಸ್ಪ್ರಿಂಕ್ಲರ್ ಹಾಯಿಸುವ ತೋಟವಾದರೆ ಮಾಲೀಕರನ್ನು ಕೇಳಿ ದಿನವನ್ನು ಮೊದಲೇ ಲೆಕ್ಕ ಹಾಕಿಕೊಳ್ಳಬಹುದು. ಅವರ ಒಪ್ಪಿಗೆ ಪಡೆದು ಒಂದು ರೊಬಸ್ಟಾ ಗಿಡ, ಒಂದು ಅರೇಬಿಕಾ ಗಿಡ ಆರಿಸಿ. ಎರಡೂ ಒಟ್ಟಿಗೆ ಅರಳದಿದ್ದರೆ ಬೇರೆ ಬೇರೆ ದಿನ ಮಾಡಿ.

ಮೊಗ್ಗು ಉಬ್ಬಿ ಬೆಳ್ಳಗಾಗಿ, ಇನ್ನೂ ಬಿರಿಯದೆ ಇರುವಾಗ ಪ್ರತಿ ಗಿಡದಲ್ಲಿ ನಾಲ್ಕು ರೆಂಬೆಗಳನ್ನು ಗುರುತಿಸಿ. ಎಲ್ಲದರ ಮೊಗ್ಗುಗಳನ್ನೂ ಎಣಿಸಿ ಬರೆಯಿಸಿ. ಎರಡು ರೆಂಬೆಗಳಿಗೆ ಕಾಗದದ ಕವರ್ ಕಟ್ಟಿ ಬಾಯಿಯನ್ನು ದಾರದಿಂದ ಬಿಗಿಯಿರಿ, ಎರಡನ್ನು ಹಾಗೆಯೇ ಬಿಡಿ. ಬಲೆ ಬಟ್ಟೆ ಬೇಡ, ಗಾಳಿಯಲ್ಲಿ ಬರುವ ಪರಾಗ ಅದರೊಳಗೆ ನುಗ್ಗುತ್ತದೆ. ಹೂವು ಬಾಡಿ ಕಂದಾದ ಮೇಲೆ ಕವರ್ ಬಿಚ್ಚಿ, ಕವರ್ ಇದ್ದ ರೆಂಬೆಗೆ ಕೆಂಪು ದಾರ, ಇಲ್ಲದ್ದಕ್ಕೆ ಬಿಳಿ ದಾರ ಕಟ್ಟಿ. ಹೂವು ತುಂಬಿದ ದಿನ ಜೇನುಹುಳುಗಳು ಗಿಡವೆಲ್ಲ ತುಂಬಿರುತ್ತವೆ. ಆ ದಿನ ಮಕ್ಕಳು ತೋಟದೊಳಗೆ ಹೋಗದೆ ಅಂಚಿನಲ್ಲಿ ನಿಂತು ನೋಡಿದರೆ ಸಾಕು.

ಊಹೆ ಬರೆಯಿಸುವುದನ್ನು ಇಲ್ಲಿ ಅವಸರದಲ್ಲಿ ಮುಗಿಸಬೇಡಿ. "ಜೇನು ಬಾರದಿದ್ದರೆ ಕಾಯಿ ಕಚ್ಚುತ್ತದೆಯೇ?" "ಎರಡು ಗಿಡದಲ್ಲೂ ಒಂದೇ ರೀತಿಯೇ?" ತೋಟದಲ್ಲಿ ಕೆಲಸ ಮಾಡುವ ಅಪ್ಪ ಅಮ್ಮಂದಿರನ್ನು ಕೇಳಿಕೊಂಡು ಬರಲು ಒಂದು ರಾತ್ರಿ ಸಮಯ ಕೊಡಿ. ಮನೆಯಲ್ಲಿ ಜೇನು ಪೆಟ್ಟಿಗೆ ಇರುವ ಮಗು, ಜೇನು ತೆಗೆಯುವ ಮನೆಯ ಮಗು ಆ ದಿನ ತರಗತಿಗೆ ಹೇಳಿಕೊಡುವವರಾಗುತ್ತಾರೆ. ಬೇರೆ ದಿನ ಹಿಂದಿನ ಸಾಲಿನಲ್ಲಿ ಮೌನವಾಗಿ ಕೂರುವವರೂ ಅವರೇ ಇರಬಹುದು.

ನಿಮಗೆ ಮಾತ್ರ ಹೇಳುತ್ತೇನೆ, ಮಕ್ಕಳಿಗೆ ಈಗಲೇ ಬೇಡ: ಅರೇಬಿಕಾ ಹೂವು ತನ್ನದೇ ಪರಾಗದಿಂದ ಕಾಯಿ ಕಚ್ಚುತ್ತದೆ. ರೊಬಸ್ಟಾಗೆ ತನ್ನ ಗಿಡದ ಪರಾಗ ಒಗ್ಗುವುದಿಲ್ಲ. ಗಾಳಿಯೋ ಜೇನೋ ಬೇರೆ ಗಿಡದಿಂದ ತಂದು ಕೊಡಬೇಕು. ಹೂವಿನ ನಂತರ ಮಳೆ ಕೈಕೊಟ್ಟರೆ ಬಿಳಿ ದಾರದ ರೆಂಬೆಯಲ್ಲೂ ಕಾಯಿ ಉದುರಬಹುದು. ಆದ್ದರಿಂದಲೇ ಕವರ್ ಹಾಕದ ರೆಂಬೆಗಳನ್ನೂ ಎಣಿಸುವುದು.

ಏಪ್ರಿಲ್‌ನಲ್ಲಿ ರಜೆ ಬರುತ್ತದೆ. ಊಹೆ ಪುಸ್ತಕಗಳನ್ನು ಮನೆಗೆ ಕಳುಹಿಸಬೇಡಿ, ಕಟ್ಟು ಕಟ್ಟಿ ಬೀರುವಿನಲ್ಲಿಡಿ. ತೋಟದವರಿಗೆ ದಾರ ಕಟ್ಟಿದ ಗಿಡಗಳನ್ನು ತೋರಿಸಿ, ಗಿಡ ಸವರುವಾಗ ಆ ರೆಂಬೆಗಳನ್ನು ಕಡಿಯದಂತೆ ಕೇಳಿಕೊಳ್ಳಿ. ಜೂನ್‌ನಲ್ಲಿ ಮೊದಲ ಮಳೆಗಳ ನಡುವೆ ಒಂದು ಬಿಡುವು ನೋಡಿ ಅದೇ ಮಕ್ಕಳನ್ನು ಕರೆದುಕೊಂಡು ಹೋಗಿ ಕಾಯಿ ಎಣಿಸಿ. ಕೆಂಪು ದಾರದ ರೊಬಸ್ಟಾ ರೆಂಬೆಯ ಮುಂದೆ ನಿಂತಾಗ ನೀವು ಏನನ್ನೂ ಹೇಳದೆ ಸ್ವಲ್ಪ ಹೊತ್ತು ಕಾಯಿರಿ. ಯಾರಾದರೊಬ್ಬರು ಪುಸ್ತಕ ತೆರೆದು ಮಾರ್ಚ್ ತಿಂಗಳ ಪುಟ ಹುಡುಕತೊಡಗುತ್ತಾರೆ.